ಏಳು ಪದ್ಯದ ಹೊತ್ತು

ಆ ಮನೆಯ ಹಿರಿಯಮ್ಮ ಗಡಿಯಾರ ನೋಡಿದವಳಲ್ಲ. ಹಾಲು ಕಾಯಲು ನಾಲ್ಕು ಪದ್ಯ, ಅನ್ನ ಬೇಯಲು ಹನ್ನೆರಡು, ಮಗ ಬೀದಿಯ ತಿರುವು ದಾಟಿ ಮೆಟ್ಟಿಲು ಹತ್ತಲು ಎರಡು. ಪ್ರತಿ ಪದ್ಯದ ಕೊನೆಯ ಪದವನ್ನು ಅವಳು ನುಡಿಯದೆ ನಿಲ್ಲಿಸುವಳು. ಮಗ ಸ್ನಾನದ ಮನೆಯೊಳಗಿದ್ದರೂ ಅಲ್ಲಿಂದಲೇ ಅದನ್ನು ಹೇಳಿ ಮುಗಿಸುವನು. ಐದು ವರ್ಷದವನಿದ್ದಾಗ ಹಿಡಿದ ಅಭ್ಯಾಸ, ನಲವತ್ತಾದರೂ ಬಿಟ್ಟಿರಲಿಲ್ಲ.

“ನಮ್ಮತ್ತೆ ಗಡಿಯಾರಕ್ಕೆ ಸೆಲ್ಲೂ ಬೇಡ, ಕೀಲೀನೂ ಬೇಡ. ಗಂಟೆ ಹೊಡೆಯೋಕೆ ಮಾತ್ರ ಇವರು ಬೇಕು,” ಎಂದು ಸೊಸೆ ಗಂಡನನ್ನು ತೋರಿಸಿ ನಗುತ್ತಿದ್ದಳು.

ಮಗ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಕಾಗದದ ಕಟ್ಟು ಎತ್ತುವಾಗ ಸೊಂಟ ಹಿಡಿದು ನಾಲ್ಕು ತಿಂಗಳಿಂದ ಮಂಚಕ್ಕೆ ಅಂಟಿದ್ದ. ನೋವಿಗೆ ಬರೆದುಕೊಟ್ಟದ್ದು ಅಫೀಮಿನ ಬಳಗದ ಮಾತ್ರೆ: ಬೆಳಿಗ್ಗೆ ಒಂದು, ಸಂಜೆ ಒಂದು. ಸೊಸೆ ಲಾಂಡ್ರಿಯ ಕೆಲಸಕ್ಕೆ ಹೊರಡುವಾಗ ಮಾತ್ರೆಯ ಪೆಟ್ಟಿಗೆಯ ಬೀಗದ ಕೈಯನ್ನು ಅತ್ತೆಗೆ ಕೊಟ್ಟಿದ್ದಳು. “ಕಾಲಿಗೆ ಬಿದ್ರೂ ಜಾಸ್ತಿ ಕೊಡ್ಬೇಡಿ ಅತ್ತೆ.”

ಅವನು ಕಾಲಿಗೆ ಬೀಳಲಿಲ್ಲ. ಗೋಡೆಗೆ ಮುಖ ಮಾಡಿ, “ಅಮ್ಮಾ, ಇನ್ನೊಂದೇ ಒಂದು,” ಎಂದ. ಹೆತ್ತ ಕರುಳು. ಕೊಟ್ಟಳು. ಮರುವಾರ ಇನ್ನೊಂದು. ಮಾತ್ರೆ ತೀರಿದಾಗ ಹಳೆಯ ಚೀಟಿ ಹಿಡಿದು, ಗುರುತಿಲ್ಲದ ಅಂಗಡಿಗಳಿಗೆ ತಾನೇ ಹೋಗಿ ತಂದಳು.

ಒಂದು ಮಧ್ಯಾಹ್ನ ಅವನ ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡವು. ಹಲ್ಲು ಕಚ್ಚಿಕೊಂಡವು, ಕೈಕಾಲು ಜಾಡಿಸತೊಡಗಿದವು. ಅಕ್ಕಪಕ್ಕದವರನ್ನು ಕೂಗಿದಳು. ಅವನ ತಲೆಯನ್ನು ಮಡಿಲಿಗೆ ತೆಗೆದುಕೊಂಡು, ಗೊತ್ತಿದ್ದದ್ದು ಅದೊಂದೇ ಆದ್ದರಿಂದ, ಪದ್ಯ ಹೇಳತೊಡಗಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: “ದಿನಕ್ಕೆ ಎಷ್ಟು ಮಾತ್ರೆ ತಗೋತಿದ್ರು?”

“ಎರಡೇ ಮೇಡಂ,” ಎಂದಳು ಓಡಿಬಂದಿದ್ದ ಸೊಸೆ. “ಬೀಗದ ಕೈ ಅತ್ತೆ ಹತ್ರಾನೇ ಇರುತ್ತೆ.”

ಅತ್ತೆ ಸೊಂಟದ ಬೀಗದ ಕೈಯನ್ನು ಸೆರಗಿನೊಳಗೆ ಸರಿಸಿದಳು.

“ಫಿಟ್ಸ್ ಎಷ್ಟು ಹೊತ್ತಿತ್ತಮ್ಮ? ಸರಿಯಾಗಿ ಹೇಳಿ. ಐದು ನಿಮಿಷ ದಾಟಿದ್ರೆ ಮಿದುಳಿಗೆ ಪೆಟ್ಟು ಬೀಳೋ ಭಯ ಜಾಸ್ತಿ.”

“ಏಳು ಪದ್ಯ.”

ಡಾಕ್ಟರಮ್ಮ ನಗಲಿಲ್ಲ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, “ಹೇಳಿ, ನೋಡೋಣ,” ಎಂದರು.

ಮುದುಕಿ ಪದ್ಯಗಳನ್ನು ಓಡಿಸಿದಳು. ಐದು ನಿಮಿಷದೊಳಗೆ ಏಳೂ ಮುಗಿದರೆ ಮಗ ಉಳಿದಂತೆಯೇ ಎಂಬ ಆಸೆ. ಮೂರನೆಯದಕ್ಕೆ ನಾಲಿಗೆ ತಡೆಯಿತು. ತನ್ನ ಬಾಯಿಂದ ಸುಳ್ಳು ಬರಬಹುದಿತ್ತು. ಪದ್ಯದ ಬಾಯಿಂದ ಬರಿಸುವುದು ಅವಳ ಕೈಲಾಗಲಿಲ್ಲ.

“ಆಗ ಹೀಗೆ ಓಡ್ಲಿಲ್ಲ ತಾಯಿ,” ಎಂದು ಮೊದಲಿನಿಂದ ಹಿಡಿದಳು. ಆಗ ತಡವರಿಸಿದ್ದಲ್ಲೆಲ್ಲ ಈಗಲೂ ತಡೆದಳು. ಒಂದೊಂದು ಪದ್ಯದ ತುದಿಯಲ್ಲೂ, ಮಗನ ಬಾಯಿಂದ ಬಾರದೆ ಹೋದ ಪದಕ್ಕಾಗಿ ಆಗ ಕಾದಷ್ಟೇ ಕಾದಳು.

“ಒಂಬತ್ತು ನಿಮಿಷ,” ಎಂದರು ಡಾಕ್ಟರಮ್ಮ ಮೆಲ್ಲಗೆ.

“ಮಾತ್ರೆ ಎರಡಲ್ಲ,” ಎಂದಳು ಮುದುಕಿ. “ನಿನ್ನೆ ಆರು. ಇವತ್ತು ಮಧ್ಯಾಹ್ನದೊಳಗೇ ಐದು. ನಾನೇ ಕೊಟ್ಟೆ.”

ಸೊಸೆ ಎದ್ದು ಹೋಗಿ ಕಿಟಕಿಯ ಕಡೆ ತಿರುಗಿ ನಿಂತಳು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಈ ಮಾತ್ರೆ ನೋವನ್ನು ಮಲಗಿಸುತ್ತದೆ, ಅತಿಯಾದರೆ ಮಿದುಳನ್ನೇ ಕೆರಳಿಸುತ್ತದೆ. “ಹಳೇ ಕಾಗದ ಗಾಳಿಗೆ ಹಳದಿಯಾಗಿ ಪುಡಿ ಪುಡಿ ಆಗುತ್ತಲ್ಲ, ಅಂಥದೇ ಒಂದು ಸವೆತ ಒಳಗಿನ ಜೀವಕೋಶಕ್ಕೂ ತಗಲಬಹುದು. ಎಷ್ಟಾಗಿದೆ ಅಂತ ಈಗ್ಲೇ ಹೇಳೋಕಾಗಲ್ಲ.”

ಮುದುಕಿಗೆ ಆ ಕಾಗದ ಗೊತ್ತಿತ್ತು. ಮುಟ್ಟಿದರೆ ಉದುರುವ ಹಾಳೆಗಳನ್ನು ಮಗ ಉಸಿರು ಬಿಗಿಹಿಡಿದು ತಿರುವುತ್ತಿದ್ದ.

ಮೂರನೆಯ ಬೆಳಿಗ್ಗೆ ಅವನು ಕಣ್ಣು ಬಿಟ್ಟ. ತಾಯಿಯನ್ನು ಗುರುತಿಸಿದ, ನೀರು ಕೇಳಿದ. ಮೂರು ದಿನದಿಂದ ಅತ್ತೆಯೊಡನೆ ಮಾತು ಬಿಟ್ಟಿದ್ದ ಸೊಸೆ ಲೋಟ ತಂದು ಅವನ ತುಟಿಗೆ ಹಿಡಿದು, ಮತ್ತೆ ಕಿಟಕಿಯ ಬಳಿಗೆ ಹೋದಳು. ಮುದುಕಿ ಅವನ ಹಣೆ ಸವರುತ್ತ, ಅವನು ಎಳವೆಯಲ್ಲಿ ಮೊದಲು ಕಲಿತ ಪದ್ಯವನ್ನು ಹೇಳಿ, ಕೊನೆಯ ಪದದ ಮುಂದೆ ನಿಂತಳು.

ಅವನು ಅವಳ ತುಟಿಯನ್ನೇ ನೋಡುತ್ತಿದ್ದ, ಪಾಠ ಬಾರದ ಮಗುವಿನಂತೆ.

“ಆಮೇಲೇನಮ್ಮಾ?”

ಮುದುಕಿಯ ಕೈ ಅವನ ಹಣೆಯ ಮೇಲೆಯೇ ನಿಂತಿತು. ಕಿಟಕಿಯ ಬಳಿಯಿಂದ, ಇತ್ತ ತಿರುಗದೆಯೇ, ಸೊಸೆ ಆ ಪದವನ್ನು ಹೇಳಿದಳು.