ದೇವರುಗಳ ಸಭೆ

ಒಂದಾನೊಂದು ಕಾಲದಲ್ಲಿ, ಮೋಡಕ್ಕಿಂತ ಮೇಲೆ, ದೇವರುಗಳೆಲ್ಲ ಸಭೆ ಸೇರಿದ್ದರಂತೆ, ಎಲ್ಲರೂ ಕೂತಿದ್ದರಂತೆ, ದೊಡ್ಡ ದೇವರು ಮಾತ್ರ ನಿಂತೇ ಇದ್ದನಂತೆ, ಯಾಕಜ್ಜಿ ಕೂರ್ಲಿಲ್ಲ ಅವ್ನು, ಸಿಟ್ಟು ಬಂದೋರು ಕೂತ್ಕೋತಾರೇನೇ ಪೆದ್ದಿ — ಇಲ್ಲಿ ನಿಂತಿರುವುದು ದೊಡ್ಡಪ್ಪ, ಹೊಲಿಗೆ ಯಂತ್ರಗಳ ನಡುವೆ, ಕೊರಳಲ್ಲಿ ಅಳತೆಯ ಟೇಪು, ಕೆಲಸಕ್ಕೆ ಮುಂಚಿನ ಪ್ರಾರ್ಥನೆ, ಗ್ರಂಥ ಇವತ್ತು ನನ್ನ ಕೈಗೆ ಬಂದಿದೆ, ಅವರ ಕನ್ನಡಕ ಒಡೆದಿದೆಯಲ್ಲ, ತಾನಾಗಿ ಒಡೆಯಿತೋ ಅಜ್ಜಿ ಒಡೆದಳೋ, ಮೂಲೆಯ ಕುರ್ಚಿಯಲ್ಲಿ ಏನೂ ಅರಿಯದವಳ ಹಾಗೆ ಕೂತಿದ್ದಾಳೆ — ದೊಡ್ಡಪ್ಪ ಓದುವುದು ಯಾವಾಗಲೂ ಆ ಸಭೆಯ ಹಾಡಿನ ಮೊದಲ ಸಾಲು ಮಾತ್ರ, ಮೇಲೆ ತಮ್ಮದೇ ಅರ್ಥ, ನಮ್ಮ ದೇವ್ರೇ ದೊಡ್ಡೋನು, ಮಿಕ್ಕಿದ್ದೆಲ್ಲ ಸುಳ್ಳು, ಹ್ಞೂಂ ಯಂತ್ರ ಶುರುಮಾಡಿ, ಅಷ್ಟೇ ಆಗಿದ್ದರೆ ಕೆಳಗೆ ಇಷ್ಟು ಸಾಲು ಯಾಕೆ, ಕೊನೇ ತನಕ ಓದ್ತೀನಿ ಅಂತ ಮಾತು ಕೊಡೇ ಎಂದಳು ಅಜ್ಜಿ ನಿನ್ನೆ, ಕೊಟ್ಟೆ, ಅವಳಿಗೆ ಬೇಕಾದದ್ದು ದೇವರೋ ಜಗಳವೋ — ಬಾಗಿಲಲ್ಲಿ ಕಾಜಾ ಅಕ್ಕ, ಅಂಗಿಗಳಿಗೆ ಕಾಜಾ, ಗುಂಡಿ ತೂರುವ ತೂತು, ಹೊಲಿದು ಹೊಲಿದೇ ಕಣ್ಣು ಮಂಜಾದವಳು, ಇನ್ಮೇಲೆ ಬರ್ಬೇಡಮ್ಮ ಎಂದು ದೊಡ್ಡಪ್ಪ ಹೇಳಿದರೂ ಬಂದಿದ್ದಾಳೆ, ಬಟ್ಟೆ ಮಡಿಚೋ ಕೆಲ್ಸಾನಾದ್ರೂ ಕೊಡಿ, ನಂಗ್ಯಾರಿದ್ದಾರೆ, ನೀವೇ ನನ್ ದೇವ್ರು — ದೇವರು ಅಂದಾಗ ದೊಡ್ಡಪ್ಪ ಹಾಗನ್ನಬೇಡ ಎನ್ನುವುದಿಲ್ಲ, ಟೇಪು ಸರಿಮಾಡಿಕೊಳ್ಳುತ್ತಾರೆ, ಓದು ಪುಟ್ಟಿ, ಒಂದ್ ಸಾಲು ಸಾಕು.

ಓದುತ್ತೇನೆ, ಒಂದು, ನಿಲ್ಲಿಸುವುದಿಲ್ಲ, ಎರಡು — ಸಭೆಯಲ್ಲಿ ದೊಡ್ಡ ದೇವರು ಕೇಳುತ್ತಿದ್ದಾನೆ, ದಿಕ್ಕಿಲ್ಲದವರಿಗೆ, ತಬ್ಬಲಿಗಳಿಗೆ ನ್ಯಾಯ ಕೊಟ್ಟಿರಾ ನೀವು — ಓಹೋ, ಕಲ್ಲು ಮರಗಳನ್ನಲ್ಲ ಕೇಳುತ್ತಿರುವುದು, ಕೈಯಲ್ಲಿ ತೀರ್ಪಿದ್ದೂ ಕೊಡದವರನ್ನು, ಸುಳ್ಳು ದೇವರು ಅಂದರೆ ಇವರಾ, ದೊಡ್ಡಪ್ಪನಿಗೆ ಇದು ಮೊದಲೇ ಗೊತ್ತಿತ್ತಾ, ಅದಕ್ಕೇ ಮುಚ್ಚುತ್ತಿದ್ದರಾ — ಸಾಕು ಮುಚ್ಚೇ, ದೊಡ್ಡಪ್ಪ ಗದರಿದರು — ತಬ್ಬಲಿ ಎಂದರೆ ನಾನೂ, ಉಂಡ ಮನೆಗೆ ಎರಡು ಬಗೆಯುತ್ತಿದ್ದೇನಾ, ಸಂಜೆ ನನ್ನ ಪೆಟ್ಟಿಗೆಯೂ ಬೀದಿಯಲ್ಲಿರಬಹುದು — ಓದಲಿ ಬಿಡೋ, ದೇವ್ರ ಮಾತಿಗೂ ಕತ್ತರಿ ಹಾಕ್ತೀಯೇನೋ ಎಂದಳು ಅಜ್ಜಿ, ಯಾರೋ ಕಿಸಕ್ಕೆಂದರು — ಮುಂದಿನ ಸಾಲು, ನಿಮ್ಮನ್ನು ದೇವರುಗಳು ಎಂದೆ, ಆದರೂ ಮನುಷ್ಯರ ಹಾಗೆಯೇ ಸಾಯುತ್ತೀರಿ — ನಾನು ಓದುತ್ತಿರುವುದು ಭಕ್ತಿಯಾ ಸೇಡಾ, ಕೊನೆಯ ಸಾಲು, ಎದ್ದೇಳು ದೇವರೇ, ಭೂಮಿಯೆಲ್ಲ ನಿನ್ನದೇ, ಮುಗಿಯಿತು, ಓದಿಬಿಟ್ಟೆ ಅಜ್ಜಿ. ಯಾರೂ ಯಂತ್ರ ತುಳಿಯುತ್ತಿಲ್ಲ, ದೊಡ್ಡಪ್ಪ ನನ್ನನ್ನು ನೋಡುತ್ತಿಲ್ಲ, ನೆಲ ನೋಡಿಕೊಂಡು, ಏ, ಮಡಿಚೋ ಮೇಜಿನ ಹತ್ರ ಕೂತ್ಕೋ ಹೋಗಮ್ಮ — ಕಾಜಾ ಅಕ್ಕ ಹೋಗುತ್ತಿಲ್ಲ, ಮಂಜುಗಣ್ಣಲ್ಲಿ ಹುಡುಕುತ್ತಿದ್ದಾಳೆ, ಅವರನ್ನಲ್ಲ, ದನಿ ಬಂದ ಕಡೆಯನ್ನು, ನನ್ನನ್ನು, ನೀನೇ ನನ್ ದೇವ್ರು ಕಣಮ್ಮ, ಬೇಡ ಅಕ್ಕ ಎನ್ನಬೇಕು, ಎನ್ನದೆ ಗ್ರಂಥ ಸರಿಮಾಡಿಕೊಳ್ಳುತ್ತಿದ್ದೇನೆ, ಸೂಜಿ ಚುಚ್ಚಿದ ಗುರುತುಗಳ ಆ ಎರಡು ಕೈ, ನನ್ನೆದುರು, ಮುಗಿದೇ ಇವೆ