ಅತ್ತರೆ ಕೇಳಬೇಡಿ

ನಮ್ಮ ಹೊಸ ಮೇಲ್ವಿಚಾರಕರಿಗೆ ಎಲ್ಲವನ್ನೂ ಕೂತು ಮಾತಾಡಿ ಬಗೆಹರಿಸುವ ಹುಚ್ಚು. ಬಂದ ವಾರದಲ್ಲೇ ಅಂಗಡಿ ಕಟ್ಟಡದ ಸೆಕ್ಯುರಿಟಿಯವರನ್ನೆಲ್ಲ ನೆಲಮಾಳಿಗೆಯಲ್ಲಿ ಸುತ್ತ ಕೂರಿಸಿದರು. "ನೀವು ಹೇಗೆ ಕೆಲಸ ಮಾಡ್ತೀರಿ, ನಿಮ್ಮ ಹತ್ರ ಹೇಗೆ ಮಾತಾಡಿದ್ರೆ ನಿಮಗೆ ಹಿತ, ಒಬ್ಬೊಬ್ಬರಾಗಿ ಹೇಳಿ. ಗೊತ್ತಿದ್ರೆ ತಾನೇ ಪಾಲಿಸೋದು?" ಎಂದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಲಿಫ್ಟಿನ ಬಳಿ ನಿಲ್ಲುವ ಹಿರಿಯರನ್ನು ನಾವು ತಾತ ಎನ್ನುತ್ತೇವೆ. "ನನ್ನನ್ನ ಬೈಯೋದಿದ್ರೆ ಊಟ ಆದ್ಮೇಲೆ ಬೈಯಿರಿ. ಮೊದಲೇ ಬೈದ್ರೆ ತುತ್ತು ಇಳಿಯಲ್ಲ" ಎಂದರು ಅವರು. ಎಲ್ಲರೂ ನಕ್ಕರು. ಆಮೇಲೆ ಗೇಟಕ್ಕನ ಸರದಿ. ಮುಂಬಾಗಿಲ ಮೇಜಿನ ಬಳಿ ಕೂರುವವಳು, ನನ್ನ ಜೊತೆಗೇ ಕೆಲಸಕ್ಕೆ ಸೇರಿದವಳು, ನನ್ನ ಜೀವದ ಗೆಳತಿ.

"ನಂಗೆ ಅಳು ಬೇಗ ಬರುತ್ತೆ. ಅತ್ರೆ ಯಾರೂ ಬಂದು ಏನಾಯ್ತು ಅಂತ ಕೇಳಬೇಡಿ. ಕೇಳಿದ್ರೆ ಇನ್ನೂ ಜಾಸ್ತಿ ಆಗುತ್ತೆ. ನಾನೇ ಸಮಾಧಾನ ಮಾಡ್ಕೊಂಡು ಹೇಳ್ತೀನಿ," ಎಂದಳು.

ನನ್ನ ಕೆಲಸ ಮೇಲಿನ ಕೋಣೆಯಲ್ಲಿ ಕೂತು ಕ್ಯಾಮೆರಾ ಪರದೆಗಳನ್ನು ನೋಡುವುದು. ಅದಕ್ಕೇ ನನ್ನ ಹೆಸರು ಹದ್ದಮ್ಮ. "ನಾನು ಪರದೆ ಮುಂದೆ ಇದ್ದಾಗ ಮನೆ ಸುದ್ದಿ ಯಾವ್ದೂ ಮುಟ್ಟಿಸಬೇಡಿ. ಬದಲಿಯವರು ಬಂದು ಕೂತ ಮೇಲೆ ಹೇಳಿ" ಎಂದೆ ನಾನು. ಕಾರಣವಿತ್ತು. ನನ್ನವರು ಆಸ್ಪತ್ರೆಯಲ್ಲಿದ್ದರು. ಹಗಲು ಅವರ ಜೊತೆ ಇರುತ್ತಿದ್ದ ನನ್ನ ಮೈದುನ, ಅಣ್ಣ ಮಗ್ಗುಲು ಬದಲಿಸಿದರೂ ಫೋನ್ ಮಾಡುವವನು. ನಮ್ಮ ಮೊಬೈಲುಗಳನ್ನು ಗೇಟಿನಲ್ಲಿ ಇಟ್ಟು ಬರಬೇಕಾದ್ದರಿಂದ ಅವನ ಕರೆ ಗೇಟಕ್ಕನ ಮೇಜಿಗೆ ಬರುತ್ತಿತ್ತು. ಅವಳು ಓಡಿ ಬಂದು ಹೇಳುವಳು, ನನ್ನ ಕಣ್ಣು ಪರದೆಯ ಮೇಲಿದ್ದರೂ ಏನೂ ಕಾಣುತ್ತಿರಲಿಲ್ಲ.

ಡಾಕ್ಟರು ಇನ್ನೂ ಕೆಲವು ತಿಂಗಳು ಎಂದಿದ್ದರು. ನನ್ನವರು ಕೇಳಿದ್ದು ಒಂದೇ. "ಹೋಗೋವಾಗ ನೀನು ಪಕ್ಕದಲ್ಲಿರು. ಒಬ್ಬನೇ ಅಂದ್ರೆ ಭಯ." ಕ್ಷೌರದಂಗಡಿಗೂ ಜೊತೆ ಬೇಕೆನ್ನುತ್ತಿದ್ದ ಮನುಷ್ಯ. ಅಪಶಕುನ ನುಡಿಯಬೇಡಿ ಎಂದು ಗದರಿ, ಆಮೇಲೆ ಮಾತು ಕೊಟ್ಟಿದ್ದೆ.

ಆ ಸಭೆಯಾಗಿ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ ಅಂಗಡಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೇಟಿನ ಪರದೆಯಲ್ಲಿ ಗೇಟಕ್ಕ ಫೋನ್ ಎತ್ತಿದಳು. ಕೇಳುತ್ತ ಕೇಳುತ್ತ ಕುಸಿದು ಕೂತಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಮಗಳು ಮತ್ತೆ ಗಂಡನ ಮನೆ ಬಿಟ್ಟು ಬಂದಿರಬೇಕು, ಪಾಪ ಎಂದುಕೊಂಡೆ. ಅವಳು ತಲೆಯೆತ್ತಿ ನೇರ ಕ್ಯಾಮೆರಾವನ್ನೇ ನೋಡಿದಳು. ಎದ್ದು ಮೇಲ್ವಿಚಾರಕರ ಹತ್ತಿರ ಹೋದಳು, ಕೈ ಮುಗಿದು ಏನೋ ಹೇಳಿದಳು, ಅವರು ತಲೆಯಾಡಿಸಿ ಫೋನ್ ತೆಗೆದರು. ಇನ್ನೊಂದು ಪರದೆಯಲ್ಲಿ ಅವಳು ನನ್ನ ಕೋಣೆಯ ಬಾಗಿಲವರೆಗೂ ಬಂದಳು. ಹಿಡಿಕೆಯ ಮೇಲೆ ಕೈಯಿಟ್ಟು ನಿಂತಳು. ನಡುವೆ ಇದ್ದದ್ದು ಒಂದು ಬಾಗಿಲು. ಅರ್ಧ ಎದ್ದೆ. ಅವಳೇ ಹೇಳಿದ್ದಳಲ್ಲ ಎಂದು ಮತ್ತೆ ಕೂತೆ. ಗೆಳತಿಯ ಮಾತಿಗೆ ಬೆಲೆ ಕೊಟ್ಟೆನೆಂದು ಒಳಗೊಳಗೇ ಹೆಮ್ಮೆ ಬೇರೆ. ಅವಳು ಕೈ ತೆಗೆದು, ಗೋಡೆಗೊರಗಿ ನಿಂತೇ ಇದ್ದಳು.

ಕೊನೆಗೆ ಬದಲಿ ಹುಡುಗಿ ಏದುಸಿರು ಬಿಡುತ್ತ ಬಂದು ಕೂತಳು. ಹಿಂದೆಯೇ ಗೇಟಕ್ಕ, ಕೈಯಲ್ಲಿ ನನ್ನ ಚೀಲ.

"ಹೊರಡು. ನಿನ್ನ ಮೈದುನ ಫೋನ್ ಮಾಡಿದ್ದ. ಬೇಗ ಬರಬೇಕಂತೆ. ಸಾಹೇಬ್ರು, ಬದಲಿ ಕರೆಸ್ತೀನಿ, ಅಲ್ಲೀವರೆಗೂ ಹದ್ದಮ್ಮಂಗೆ ಹೇಳಬೇಡ, ಅವರೇ ಹಾಗೆ ಕೇಳ್ಕೊಂಡಿದಾರೆ ಅಂದ್ರು."

ಯಾವಾಗ ಮಾಡಿದ್ದ ಎಂದು ನಾನು ಕೇಳಲಿಲ್ಲ. ಕಣ್ಣಾರೆ ಕಂಡಿದ್ದೆನಲ್ಲ.

ಆಟೋದಲ್ಲಿ ಅವಳು ನನ್ನ ಪಕ್ಕದಲ್ಲಿ ಅಳುತ್ತಲೇ ಇದ್ದಳು. ಅವಳ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಸಿಟ್ಟಾದರೂ ಬಂದಿದ್ದರೆ ಎದೆ ಹಗುರಾಗುತ್ತಿತ್ತು. ಆದರೆ ಅವಳು ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿದ್ದಳು, ನಾನು ಅವಳದನ್ನು.

ವಾರ್ಡಿನ ಬಾಗಿಲಲ್ಲೇ ಮೈದುನ ನನ್ನ ಕಾಲ ಬಳಿ ಕುಸಿದ. "ಅಣ್ಣ ಹೋಗಿ ಸ್ವಲ್ಪ ಹೊತ್ತಾಯ್ತು ಅತ್ತಿಗೆ."

"ನನ್ನ ಕೇಳಿದ್ರಾ?"

ಅವನು ಹೇಳಲು ಒಪ್ಪಲಿಲ್ಲ. ನಾನು ಬಿಡಲಿಲ್ಲ.

"ಬಾಗಿಲು ತೆಗೆದಾಗೆಲ್ಲ ಬಂದ್ಲಾ ಅಂತಿದ್ದ. ಕೊನೆಕೊನೆಗೆ ಕಣ್ಣು ಕಾಣ್ತಿರಲಿಲ್ಲ. ನರ್ಸ್ ಅವನ ಕೈ ಹಿಡ್ಕೊಂಡ್ರು. ನೀವೇ ಅಂದ್ಕೊಂಡು ನಿಮ್ಮ ಹೆಸರು ಕರೆದ. ಅವರು, ಹೂಂ, ಬಂದೆ, ಇಲ್ಲೇ ಇದೀನಿ ಅಂದ್ರು. ಆಮೇಲೆ ಸಮಾಧಾನವಾಗಿ ಹೋದ ಅತ್ತಿಗೆ."

ನನ್ನವರ ಮುಖ ನೋಡಿದೆ. ನಿಜಕ್ಕೂ ಸಮಾಧಾನವಿತ್ತು. ನನಗೆ ಅದನ್ನು ತಡೆಯಲಾಗಲಿಲ್ಲ.

ಆ ನರ್ಸ್ ಆಚೆ ಮಂಚದ ರೋಗಿಗೆ ಹೊದಿಕೆ ಸರಿಮಾಡುತ್ತಿದ್ದಳು. ನನಗಿಂತ ಎಷ್ಟೋ ಚಿಕ್ಕವಳು. ಹತ್ತಿರ ಹೋಗಿ, ಯಾವ ಕೈ ಎಂದು ಕೇಳಿದೆ. ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಬಲಗೈ ಚಾಚಿದಳು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆಚೆಯ ರೋಗಿ ನೀರು ಕೇಳುತ್ತಿದ್ದ, ಅವಳು ಹೋಗಬೇಕಿತ್ತು. ನನ್ನಿಂದ ಬಿಡಲಾಗಲಿಲ್ಲ.