ಬೆಟ್ಟಯ್ಯನವರ ಎಣಿಕೆ

ಗಾಲ್ಫಿನಲ್ಲಿ ಅಂಪೈರ್ ಇರುವುದಿಲ್ಲ. ಎಷ್ಟು ಏಟಿಗೆ ಚೆಂಡು ಹೋಲ್ ಎಂಬ ಕುಳಿಗೆ ಬಿತ್ತೆಂದು ಆಡಿದವನೇ ಬಾಯಿಬಿಟ್ಟು ಹೇಳಬೇಕು. ಜೊತೆಗಿದ್ದವನು ಅದನ್ನು ಕಾರ್ಡಿನಲ್ಲಿ ಬರೆದು ಕೆಳಗೆ ಸಹಿ ಹಾಕಬೇಕು. ದೊಡ್ಡ ಮನುಷ್ಯರ ಆಟ, ಇಲ್ಲಿ ಒಬ್ಬರ ಮಾತನ್ನು ಒಬ್ಬರು ನಂಬುತ್ತೇವೆ ಎಂದು ಆಡುವವರೆಲ್ಲ ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ. ಗುರುಮೂರ್ತಿಗೆ ಮೊದಲು ಹಿಡಿಸಿದ್ದೂ ಅದೇ. ಊಟಿ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಮಂಡಿ ನಡೆಸುವವನಿಗೆ, ದಿನ ಬೆಳಗಾದರೆ ತೂಕದ ಮೇಲೆ ಜಗಳವಾಡುವವನಿಗೆ, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುವ ಜಾಗವೊಂದು ಇದೆ ಎಂಬುದೇ ಸೋಜಿಗವಾಗಿತ್ತು.

ಅವನ ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬಂದವರು. ನಂಜನಾಡಿನ ಕ್ಯಾರೆಟ್ಟು, ಕೋಸಿನ ಮೂಟೆ ಹೊತ್ತು ಇದೇ ಕ್ಲಬ್ಬಿನ ಅಡುಗೆಮನೆಯ ಹಿಂಬಾಗಿಲಿಗೆ ಹಾಕುತ್ತಿದ್ದರು. ಮಗ ಮುಂಬಾಗಿಲಲ್ಲಿ ಕಾಲಿಡುವಂತಾದದ್ದು ಬೆಟ್ಟಯ್ಯನವರ ದಯೆಯಿಂದ. ಬೆಟ್ಟಯ್ಯನವರು ಅವಲಾಂಚ್ ಕಡೆಯ ಪವರ್‌ಹೌಸಿನಲ್ಲಿ ಸರ್ವೀಸು ಮುಗಿಸಿ ನಿವೃತ್ತರಾದ ಎಂಜಿನಿಯರ್, ಕ್ಲಬ್ಬಿನ ಹಳೆಯ ಸದಸ್ಯರು. ತಮ್ಮ ಊರಿನ ಕಡೆಯವನು ಎಂಬ ಒಂದೇ ಅಭಿಮಾನಕ್ಕೆ ಅವನ ಅರ್ಜಿಗೆ ಸಹಿ ಹಾಕಿದರು, ನಾಲ್ಕು ಜನರ ಹತ್ತಿರ ಹೋಗಿ ಶಿಫಾರಸು ಮಾಡಿದರು, ಕೋಲು ಹಿಡಿಯುವುದನ್ನೂ ತಾವೇ ಹೇಳಿಕೊಟ್ಟರು. ಮಂಡಿಯವನ ಹಿಂದೆ ಯಾಕೆ ಬಿದ್ದಿದ್ದೀರಿ ಎಂದು ಕೆಲವರು ಮೂಗು ಮುರಿದಾಗ, "ನನ್ನ ತಮ್ಮ ಕಣ್ರೀ ಅವನು" ಎಂದು ಬಾಯಿ ಮುಚ್ಚಿಸಿದ್ದರು.

ಒಳಗೆ ಬಂದರೆ ಸಾಲದು, ಹ್ಯಾಂಡಿಕ್ಯಾಪ್ ಬೇಕು. ಆಟ ಅಷ್ಟಾಗಿ ಬಾರದವನಿಗೆ ಕ್ಲಬ್ಬು ಇಷ್ಟು ಏಟು ಎಂದು ಮಾಫಿ ಮಾಡುವ ಅಂಕಿ ಅದು. ಅದಿಲ್ಲದೆ ಯಾವ ಸ್ಪರ್ಧೆಗೂ ಹೆಸರು ಕೊಡುವಂತಿಲ್ಲ. ಅಂಕಿ ಕಡಿಮೆಯಾದಷ್ಟೂ ಆಟಗಾರನ ತೂಕ ಹೆಚ್ಚು. ಇಪ್ಪತ್ತನಾಲ್ಕು ಎಂದರೆ ಕಟ್ಟಕಡೆ. ಹೊಸಬರು ಕೆಲವು ಆಟಗಳ ಕಾರ್ಡುಗಳನ್ನು ಹಳಬರೊಬ್ಬರ ಸಹಿ ಸಮೇತ ಕೊಡಬೇಕು, ಅದನ್ನು ನೋಡಿ ಕಮಿಟಿ ಅಂಕಿ ಗೊತ್ತುಮಾಡುತ್ತದೆ. ಗುರುಮೂರ್ತಿಯ ಕಾರ್ಡುಗಳನ್ನೆಲ್ಲ ಬರೆದವರು ಬೆಟ್ಟಯ್ಯನವರೇ.

ಎಡವಟ್ಟು ಶುರುವಾದದ್ದು ಅಲ್ಲಿ. ಎರಡನೆಯ ಕಾರ್ಡಿನ ದಿನ ಇಳಿಜಾರಿನ ಒಂದು ಹೋಲಿನಲ್ಲಿ ಗುರುಮೂರ್ತಿ ಹುಲ್ಲು ಕೆತ್ತಿ, ಮಣ್ಣು ಹಾರಿಸಿ, ಏಳು ಏಟಿಗೆ ಹೇಗೋ ಮುಗಿಸಿದ. ಏಳು ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಬೆಟ್ಟಯ್ಯನವರು, "ಐದು. ಪರವಾಗಿಲ್ಲ ಕಣಪ್ಪ, ಸುಧಾರಿಸ್ತಾ ಇದೀಯ" ಎಂದು ಬರೆದುಬಿಟ್ಟರು. ಮುದುಕರು ಪ್ರೀತಿಗೆ ಎರಡು ಬಿಟ್ಟುಕೊಟ್ಟಿದ್ದಾರೆ ಎಂದುಕೊಂಡು ಅವನು ಸುಮ್ಮನಾದ. ಮುಂದಿನ ವಾರವೂ ಹಾಗೇ ಆಯಿತು. ಅದರ ಮುಂದಿನ ವಾರ ಬೆಟ್ಟಯ್ಯನವರು ತಾವು ಆಡಿ ಮುಗಿಸಿದ ಹೋಲಿಗೇ ಮತ್ತೆ ಹೊರಟು ನಿಂತರು. ಚೀಲ ಹೊರುವ ಮಾದನ್ ಅವರ ತೋಳು ಹಿಡಿದು ಮೆಲ್ಲಗೆ ತಿರುಗಿಸಿದ. ಗುರುಮೂರ್ತಿಗೆ ಆವತ್ತೇ ಅರ್ಥವಾಯಿತು. ಇದು ಪ್ರೀತಿಯಲ್ಲ, ಮುದುಕರಿಗೆ ನೆನಪು ಕೈಕೊಡುತ್ತಿದೆ, ಅವರು ಹೇಳುವುದೆಲ್ಲ ಬಾಯಿಗೆ ಬಂದ ಅಂಕಿ. ಅರ್ಥವಾದ ಮೇಲೂ ಅವನು ಬೇರೆಯವರಿಂದ ಕಾರ್ಡು ಬರೆಸಲಿಲ್ಲ. ಸುಳ್ಳು ಹೇಳಿದ್ದು ತಾನಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಇಂಥ ಸಮಾಧಾನ ಹೇಳಿಕೊಳ್ಳುವುದರಲ್ಲಿ ನಾವು ಯಾರೂ ಹಿಂದೆ ಬಿದ್ದವರಲ್ಲ.

ತೊಂಬತ್ತೆಂಟರ ಜನವರಿಯಲ್ಲಿ ನೋಟಿಸ್ ಬೋರ್ಡಿನ ಮೇಲೆ ಅವನ ಹೆಸರು ಬಂತು. ಪಕ್ಕದಲ್ಲಿ ಹತ್ತೊಂಬತ್ತು. ನಿಜವಾಗಿ ಎಣಿಸಿದ್ದರೆ ಇಪ್ಪತ್ತನಾಲ್ಕೂ ಅವನಿಗೆ ಸಾಲುತ್ತಿರಲಿಲ್ಲ. ಆದರೂ ಅವನು ಹೆಂಡತಿ ಸುನೀತಾಳನ್ನು ಕರೆದುಕೊಂಡು ಹೋಗಿ ತೋರಿಸಿದ. ಅವಳಿಗೆ ಅದರ ತಲೆಬುಡ ತಿಳಿಯದಿದ್ದರೂ ಗಂಡನ ಮುಖ ನೋಡಿ ಖುಷಿಪಟ್ಟಳು. ಟೀ ತಂದ ಬೇರರ್ ಅವನನ್ನು ಸರ್ ಎಂದ. ಅಪ್ಪ ಬದುಕಿದ್ದಿದ್ದರೆ ಎಂದು ಒಂದು ಗಳಿಗೆ ಅವನ ಕಣ್ಣು ಒದ್ದೆಯಾಯಿತು.

ಮುಂದಿನ ತಿಂಗಳ ಕಪ್ ಪಂದ್ಯಕ್ಕೆ ಇಬ್ಬರೂ ಹೆಸರು ಕೊಟ್ಟರು. ಸೆಕ್ರೆಟರಿ ಮಾಡಿದ ಪಟ್ಟಿಯಲ್ಲಿ ಬೆಟ್ಟಯ್ಯ, ಗುರುಮೂರ್ತಿ, ಜೊತೆಗೆ ಗೂಡಲೂರು ಕಡೆ ಟೀ ಎಸ್ಟೇಟ್ ಇದ್ದ ಸುಧಾಕರನ್. ಬೆಟ್ಟಯ್ಯನವರ ಕಾರ್ಡು ಸುಧಾಕರನ್ ಕೈಗೆ ಹೋಯಿತು, ಗುರುಮೂರ್ತಿಯದು ಬೆಟ್ಟಯ್ಯನವರ ಕೈಗೆ. ಆ ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು. ಗುರುಮೂರ್ತಿ ಕೆಟ್ಟದಾಗಿ ಆಡಿದ. ಪ್ರತಿ ಹೋಲಿನಲ್ಲೂ ತನ್ನ ಅಂಕಿಯನ್ನು ತಾನೇ ಗಟ್ಟಿಯಾಗಿ ಹೇಳಿ, ಬೆಟ್ಟಯ್ಯನವರು ಅದನ್ನೇ ಬರೆದರೇ ಎಂದು ಬಗ್ಗಿ ನೋಡಿದ. ಸುಧಾಕರನ್ ಎದುರಿಗೆ ಅವನಿಗೆ ಅಷ್ಟು ಎಚ್ಚರವಿತ್ತು.

ಆರನೆಯ ಹೋಲಿನಲ್ಲಿ ಬೆಟ್ಟಯ್ಯನವರ ಚೆಂಡು ಹಳದಿ ಹೂವಿನ ಮುಳ್ಳುಪೊದೆಗೆ ನುಗ್ಗಿತು. ಒಳಗೆ ಎರಡು ಸಲ ಬೀಸಿದರು, ಮೂರನೆಯದಕ್ಕೆ ಹೊರಬಂತು. ಒಟ್ಟು ಎಂಟಾಯಿತು.

"ಎಷ್ಟು ಸಾರ್?" ಎಂದು ಸುಧಾಕರನ್ ಪೆನ್ಸಿಲ್ ತೆಗೆದರು.

"ಐದು," ಎಂದರು ಬೆಟ್ಟಯ್ಯನವರು.

ಸುಧಾಕರನ್ ಒಂದು ಕ್ಷಣ ಅವರ ಮುಖ ನೋಡಿ ಐದನ್ನೇ ಬರೆದುಕೊಂಡರು. ಅಣ್ಣ, ಪೊದೆಯೊಳಗಿನದು ಬಿಟ್ಟುಹೋಯ್ತು ಎಂದು ಗುರುಮೂರ್ತಿ ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮಾತು ಗಂಟಲವರೆಗೆ ಬಂದದ್ದೂ ನಿಜ. ಆದರೆ ಮುದುಕರಿಗೆ ಎಣಿಕೆ ತಪ್ಪುತ್ತದೆ ಎಂದು ಒಮ್ಮೆ ಬಯಲಾದರೆ, ಹತ್ತೊಂಬತ್ತು ಬಂದದ್ದು ಯಾರ ಎಣಿಕೆಯಿಂದ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಅವನು ಬಗ್ಗಿ ತನ್ನ ಬೂಟಿನ ಲೇಸು ಬಿಗಿದುಕೊಂಡ. ಆಮೇಲೆ ಇನ್ನೊಂದು ಹೋಲಿನಲ್ಲಿ ಬೆಟ್ಟಯ್ಯನವರು ಏಳು ಹೊಡೆದು ನಾಲ್ಕು ಎಂದರು. ಆಗಲೂ ಅವನು ದೂರದ ನೀಲಗಿರಿ ಮರ ನೋಡುತ್ತಾ ನಿಂತಿದ್ದ.

ಆಟ ಮುಗಿದು ಕೂಡಿದಾಗ ಬೆಟ್ಟಯ್ಯನವರ ಕಾರ್ಡು ಎಲ್ಲರಿಗಿಂತ ಮುಂದಿತ್ತು. ಕಪ್ ಅವರದೇ. ಸುಧಾಕರನ್ ಸಹಿ ಹಾಕಲಿಲ್ಲ. ಕಾರ್ಡನ್ನು ನೇರವಾಗಿ ಸೆಕ್ರೆಟರಿಯ ಮೇಜಿನ ಮೇಲಿಟ್ಟು, "ಎರಡು ಕಡೆ ಸುಳ್ಳು ಲೆಕ್ಕ. ನಾನು ಕಣ್ಣಾರೆ ಎಣಿಸಿದೀನಿ, ಗುರುಮೂರ್ತಿನ ಕೇಳಿ," ಎಂದರು.

ಸೆಕ್ರೆಟರಿ ಕೆಟ್ಟ ಮನುಷ್ಯನಲ್ಲ. ಬೆಟ್ಟಯ್ಯನವರನ್ನು ಕೂರಿಸಿ, ನೀರು ಕೊಡಿಸಿ, ಆಮೇಲೆ ಗುರುಮೂರ್ತಿಯ ಕಡೆ ತಿರುಗಿದರು. "ಆರನೇ ಹೋಲಲ್ಲಿ ಎಷ್ಟಾಯ್ತು?"

"ಎಂಟು ಸರ್."

"ಇವರು ಐದು ಅಂದದ್ದು ಹೌದಾ?"

"ಹೌದು ಸರ್."

ಬೆಟ್ಟಯ್ಯನವರು ತಬ್ಬಿಬ್ಬಾಗಿ ಇಬ್ಬರನ್ನೂ ನೋಡಿದರು. "ಎಂಟಾ? ಎಲ್ಲಿ ಎಂಟು ಗುರು?"

ಸೆಕ್ರೆಟರಿ ದನಿ ತಗ್ಗಿಸಿದರು. "ನೋಡಿ, ವಯಸ್ಸಾದವರು. ಮರೆವೇನಾದರೂ ಇದ್ದರೆ ಅದು ಬೇರೆ ಮಾತು, ನಾವೂ ಬೇರೆ ಥರ ಯೋಚನೆ ಮಾಡ್ತೀವಿ. ವಾರವಾರ ಇವರ ಜೊತೆ ಆಡೋರು ನೀವು. ಹಿಂದೆ ಯಾವತ್ತಾದರೂ ಹೀಗೆ ತಪ್ಪಿದ್ದುಂಟಾ?"

ಬಾಗಿಲು ಅಷ್ಟು ಅಗಲವಾಗಿ ತೆರೆದಿತ್ತು. ಹೌದು ಎಂಬ ಒಂದು ಮಾತು ಸಾಕಿತ್ತು. ಗುರುಮೂರ್ತಿಯ ಕಣ್ಣಿಗೆ ಕಂಡದ್ದು ಹೊರಗಿನ ಬೋರ್ಡು, ಅದರ ಮೇಲಿನ ತನ್ನ ಹೆಸರು, ಅದನ್ನು ಅಳಿಸಲು ಬರುವ ಒದ್ದೆ ಬಟ್ಟೆ.

"ಇಲ್ಲ ಸರ್," ಎಂದ. "ಲೆಕ್ಕದಲ್ಲಿ ಬೆಟ್ಟಯ್ಯಣ್ಣ ಬಹಳ ಕಟ್ಟುನಿಟ್ಟು. ಒಂದು ದಿನಾನೂ ತಪ್ಪಿದ್ದು ನಾನು ನೋಡಿಲ್ಲ."

ಕೇಳುವುದಕ್ಕೆ ಹೊಗಳಿಕೆ. ಬೆಟ್ಟಯ್ಯನವರು ಕೃತಜ್ಞತೆಯಿಂದ ಅವನನ್ನು ನೋಡಿದ್ದೂ ಉಂಟು. ಆದರೆ ಯಾವತ್ತೂ ಲೆಕ್ಕ ತಪ್ಪದ ಮನುಷ್ಯ ಕಪ್ ಪಂದ್ಯದ ದಿನವೇ ಎರಡು ಕಡೆ ತಪ್ಪಿದರೆ, ಅದೂ ತನಗೆ ಲಾಭವಾಗುವ ಹಾಗೆ ತಪ್ಪಿದರೆ, ಅದಕ್ಕೆ ಇರುವುದು ಒಂದೇ ಹೆಸರು. ಸೆಕ್ರೆಟರಿ ನಿಟ್ಟುಸಿರು ಬಿಟ್ಟು ಕಾರ್ಡನ್ನು ಮಡಿಸಿದರು. ಬೋರ್ಡಿನಿಂದ ಬೆಟ್ಟಯ್ಯನವರ ಹೆಸರು ಅಳಿಸಿಹೋಯಿತು. ಅವರಿಗೆ ಇನ್ನು ಮುಂದೆ ಸ್ಪರ್ಧೆಗಳಿಲ್ಲ ಎಂದಾಯಿತು. ಸಂಜೆಯೊಳಗೆ ಬಾರಿನಿಂದ ಅಡುಗೆಮನೆಯವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು. ಮೂವತ್ತೈದು ವರ್ಷ ಸರ್ಕಾರಿ ತಾಮ್ರದ ತಂತಿಯ ಮಧ್ಯೆ ಇದ್ದೂ ಒಂದು ಮೊಳ ಮುಟ್ಟದವರನ್ನು ಊರು ಒಂದೇ ಮಧ್ಯಾಹ್ನದಲ್ಲಿ ಕಳ್ಳನನ್ನಾಗಿ ಮಾಡಿಬಿಟ್ಟಿತು.

ಒಂದು ವಾರ ಬಿಟ್ಟು ಬೆಟ್ಟಯ್ಯನವರು ಮಂಡಿಗೆ ಬಂದು ಮೂಟೆಯ ಮೇಲೆ ಕೂತರು. "ಗುರು, ನನಗೆ ಜ್ಞಾಪಕಕ್ಕೆ ಬರ್ತಾ ಇಲ್ಲ ಕಣೋ. ನೀನು ಅಲ್ಲೇ ಇದ್ದೆ. ನಾನು ಬೇಕೂಂತಲೇ ಹಾಗಂದನಾ?"

"ಅದೆಲ್ಲ ಯಾಕಣ್ಣ ಈಗ, ಬಿಡಿ," ಎಂದು ಗುರುಮೂರ್ತಿ ಕಾಫಿಗೆ ಹೇಳಿದ.

ಬೆಟ್ಟಯ್ಯನವರು ತಲೆಯಾಡಿಸಿದರು. ಅಲ್ಲ ಎಂದು ಅವನು ಹೇಳಲಿಲ್ಲವಾದ್ದರಿಂದ ಹೌದು ಎಂದೇ ತಿಳಿದುಕೊಂಡರು. ಕಾಫಿ ಬರುವ ಮೊದಲೇ ಎದ್ದು ಹೋದರು.

ಆ ವರ್ಷದ ಕೊನೆಯಲ್ಲಿ ಬೆಟ್ಟಯ್ಯನವರ ಹೆಂಡತಿ ಸರ್ವಮಂಗಳ ಗುರುಮೂರ್ತಿಯ ಮನೆಗೆ ಬಂದರು. ಕೊಯಮತ್ತೂರಿನ ಡಾಕ್ಟರು ತಲೆಯ ಫೋಟೋ ತೆಗೆಸಿ, ಇದು ಮರೆವಿನ ಕಾಯಿಲೆ, ಎರಡು ವರ್ಷದಿಂದ ಒಳಗೊಳಗೇ ಬೆಳೆದಿದೆ ಎಂದಿದ್ದರಂತೆ. "ನಾನು ಹೆಂಗಸು, ವಯಸ್ಸಾಯ್ತು ಅದಕ್ಕೇ ಅಂದ್ಕೊಂಡೆ. ನಿಮಗೂ ಏನೂ ಕಾಣಿಸಲಿಲ್ವಾ ಗುರುಮೂರ್ತಿ?"

"ಇಲ್ಲ ಅಕ್ಕ."

"ಕ್ಲಬ್ಬಿನಲ್ಲಿ ಒಂದು ಮಾತು ಹೇಳಿ. ಕಾಯಿಲೆಯಿಂದ ಆದದ್ದು ಅಂತ. ಅವರ ಹೆಸರು ವಾಪಸ್ ಹಾಕ್ಲಿ, ಅಷ್ಟು ಸಾಕು. ಮನೇಲಿ ಕೂತು ಒಂದೇ ಸಮನೆ ಕೊರಗ್ತಾರೆ."

ಖಂಡಿತ ಹೇಳುತ್ತೇನೆ ಎಂದು ಅವನು ಗೇಟಿನವರೆಗೆ ಹೋಗಿ ಬೀಳ್ಕೊಟ್ಟ. ಹೇಳಲಿಲ್ಲ. ಅಷ್ಟರಲ್ಲಿ ಅವನನ್ನು ಕಮಿಟಿಗೆ ಸೇರಿಸಿಕೊಳ್ಳುವ ಮಾತು ನಡೆದಿತ್ತು. ಅದೊಂದು ಮುಗಿಯಲಿ ಎಂದು ಮುಂದೂಡಿದ. ಅದು ಮುಗಿಯಿತು, ಇನ್ನೊಂದು ಬಂತು.

ಕಾಯಿಲೆ ಬೆಟ್ಟಯ್ಯನವರಿಂದ ಒಂದೊಂದೇ ಕಿತ್ತುಕೊಂಡಿತು. ಪವರ್‌ಹೌಸು ಹೋಯಿತು, ಹುಟ್ಟೂರು ಹೋಯಿತು, ಹೆಂಡತಿಯ ಹೆಸರು ಹೋಯಿತು. ಬಿಡದೆ ಉಳಿದದ್ದು ಒಂದೇ, ತಾನು ಕದ್ದವನು ಎಂಬುದು. ಏನನ್ನು, ಯಾರದನ್ನು ಎಂಬುದು ಮರೆತಿತ್ತು. ಆದ್ದರಿಂದ ಸಿಕ್ಕಸಿಕ್ಕವರಿಗೆಲ್ಲ ವಾಪಸ್ ಕೊಡತೊಡಗಿದರು. ತಮ್ಮದೇ ಕೊಡೆಯನ್ನು ಪಕ್ಕದ ಮನೆಗೆ, ಸ್ವೆಟರನ್ನು ಪೋಸ್ಟ್‌ಮ್ಯಾನಿಗೆ, ದೇವರ ಮನೆಯ ಹಿತ್ತಾಳೆ ದೀಪವನ್ನು ಹಾಲಿನವಳಿಗೆ. ಸರ್ವಮಂಗಳ ಸಂಜೆಯ ಹೊತ್ತು ಮನೆಮನೆ ತಿರುಗಿ ಕೇಳಿ ತರುತ್ತಿದ್ದರು. ಕೆಲವರು ಕೊಡುತ್ತಿದ್ದರು.

ಎರಡು ಸಾವಿರದ ಇಸವಿಯ ಮಳೆಗಾಲದಲ್ಲಿ ಒಂದು ದಿನ ಅವರು ಮಂಡಿಗೂ ಬಂದರು. ಮೈಯೆಲ್ಲ ನೆನೆದಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ನಿಂತು, ಕೈಯ ವಾಚು ಬಿಚ್ಚಿ ಮುಂದಿಟ್ಟರು.

"ಸಾವ್ಕಾರ್ರೇ, ಇದು ನಿಮ್ದು. ತಪ್ಪಾಯ್ತು. ಪೊಲೀಸಿಗೆ ಮಾತ್ರ ಹೇಳಬೇಡಿ, ಮನೇಲಿ ಒಬ್ಬಳು ಹೆಂಗಸಿದಾಳೆ."

ಮೂಟೆ ಇಳಿಸುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಗುರುಮೂರ್ತಿ ಗಲ್ಲಾದಿಂದ ಇಳಿದು ಬಂದು ಅವರ ಎರಡೂ ಕೈ ಹಿಡಿದುಕೊಂಡ. ಆ ಕೈಗಳು ತಣ್ಣಗೆ ಕೊರೆಯುತ್ತಿದ್ದವು. ಇಷ್ಟು ದಿನ ಹೊರಳದ ನಾಲಿಗೆ ಆಗ ಹೊರಳಿತು.

"ನೀವು ಕದ್ದಿಲ್ಲ ಅಣ್ಣ. ಯಾವತ್ತೂ ಕದ್ದಿಲ್ಲ. ನಿಮಗೆ ಎಣಿಕೆ ಮರೀತಿತ್ತು, ಅಷ್ಟೇ. ನನಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೂ ನಾನು ಹೇಳಲಿಲ್ಲ."

ಬೆಟ್ಟಯ್ಯನವರು ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡರು. ಮಳೆನೀರು ಅವರ ಗದ್ದದಿಂದ ತೊಟ್ಟಿಕ್ಕುತ್ತಿತ್ತು.

"ನೀವು ದೊಡ್ಡ ಮನಸ್ಸಿನವರು, ಅದಕ್ಕೇ ಹೀಗಂತೀರಿ," ಎಂದರು. "ಆದರೆ ಗುರುಮೂರ್ತಿ ಅಂತ ನನ್ನ ತಮ್ಮ ಒಬ್ಬ ಇದಾನೆ. ಅವನು ಜೊತೇಲೇ ಇದ್ದು ನೋಡಿದಾನೆ. ಕದ್ದಿಲ್ಲದೆ ಇದ್ದಿದ್ದರೆ ಅವನು ಆವತ್ತೇ ಹೇಳ್ತಿದ್ದ."

"ನಾನೇ ಗುರುಮೂರ್ತಿ ಅಣ್ಣ."

ಅವರು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಬೇಡದ ಸಹಾಯಕ್ಕೆ ಬಂದವರನ್ನು ನೋಯಿಸದೆ ಕಳಿಸುವ ಹಾಗೆ, ಮೆಲ್ಲಗೆ ಕೈ ಬಿಡಿಸಿಕೊಂಡರು.

"ಅಲ್ಲ," ಎಂದರು, "ನೀವಲ್ಲ." ವಾಚನ್ನು ಗಲ್ಲಾಪೆಟ್ಟಿಗೆಯ ಮೇಲೆ ಇನ್ನಷ್ಟು ಒಳಕ್ಕೆ ಸರಿಸಿ, ಮಳೆಯಲ್ಲಿ ಮುಂದಿನ ಅಂಗಡಿಗೆ ಹೋದರು.